ಬಿರಿಯದ ಪೊರೆ

ಕೇಳುಗರೇ, ನಮಸ್ಕಾರ.

ಬೇಸಿಗೆಯಲ್ಲಿ ಕಲಬುರಗಿಯಿಂದ ಜೇವರ್ಗಿ ಕಡೆ ಹೊರಟರೆ ಎರೆ ಹೊಲಗಳು ಬಾಯಿ ಬಿಟ್ಟುಕೊಂಡಿರುತ್ತವೆ. ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಮಳೆ ಬಿತ್ತೋ, ಅದೇ ಮಣ್ಣು ನೀರು ಕುಡಿದು ಉಬ್ಬಿ ಬಿರುಕೆಲ್ಲ ಮುಚ್ಚಿಹೋಗುತ್ತದೆ. ಎರೆ ಮಣ್ಣಿನ ಮೇಲೆ ಮನೆ ಕಟ್ಟಿದವರಿಗೆ ಗೋಡೆ ಬಿರಿಯುವ ಸಂಕಟ ಗೊತ್ತೇ ಇದೆ, ಅಲ್ವಾ? ಫ್ಯೂಯೆಲ್ ಸೆಲ್, ಅಂದರೆ ಇಂಧನ ಕೋಶದ ಒಳಗಿನ ಪೊರೆಗೂ ಇದೇ ಸಂಕಟ.

ಈ ಕೋಶದ ಒಂದು ಬದಿ ಹೈಡ್ರೋಜನ್, ಇನ್ನೊಂದು ಬದಿ ಗಾಳಿ, ನಡುವೆ ತೆಳ್ಳನೆಯ ಪೊರೆ. ಹೈಡ್ರೋಜನ್ ಒಡೆದಾಗ ಎಲೆಕ್ಟ್ರಾನ್ ತಂತಿ ಹಿಡಿದು ಸುತ್ತಿ ಬರುತ್ತದೆ. ನಮಗೆ ಸಿಗುವ ಕರೆಂಟು ಅದೇ. ಪ್ರೋಟಾನ್ ಪೊರೆಯೊಳಗಿಂದ ದಾಟಿ ಬರುತ್ತದೆ. ಆ ಬದಿಯಲ್ಲಿ ಎರಡೂ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತವೆ. 1965ರಲ್ಲೇ ಜೆಮಿನಿ 5 ಬಾಹ್ಯಾಕಾಶ ನೌಕೆಗೆ ಇಂಥ ಕೋಶಗಳು ಕರೆಂಟು ಕೊಟ್ಟಿದ್ದವು.

ಇವತ್ತು ಹೆಚ್ಚಾಗಿ ಬಳಸುವ ಪೊರೆ ನೇಫಿಯಾನ್. 1960ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ವಾಲ್ಟರ್ ಗ್ರೋಟ್ ರೂಪಿಸಿದ್ದು. ಅದರಲ್ಲಿ ತೇವ ಇದ್ದರೇನೇ ಪ್ರೋಟಾನ್ ಚೆನ್ನಾಗಿ ಓಡುತ್ತದೆ. ತೇವ ಕುಡಿದರೆ ಪೊರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇಂಧನ ಕೋಶದಿಂದ ಓಡುವ ಗಾಡಿ ಹೊರಟಾಗ, ನಿಂತಾಗ, ಪ್ರತಿ ಸಲವೂ ಹೀಗೇ. ಕೊನೆಗೆ ಎಲ್ಲೋ ಒಂದು ಕಡೆ ಸೀಳುತ್ತದೆ.

ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು, ಹೊಟ್ಟು ಹಾಕಿ ತುಳಿಯುತ್ತಿದ್ದರು. ಮಣ್ಣು ಎಷ್ಟು ಎಳೆದರೂ ಹುಲ್ಲು ಬಿಡುವುದಿಲ್ಲ. ಪೊರೆಗೂ ಅಂಥ ಹುಲ್ಲು ಬೇಕು, ಆದರೆ ಕೂದಲಿಗಿಂತ ನೂರಾರು ಪಟ್ಟು ಸಣ್ಣದು. ಅಂಥ ಸಣ್ಣ ಎಳೆ ಮಾಡುವ ದಾರಿಯೇ ಎಲೆಕ್ಟ್ರೋಸ್ಪಿನ್ನಿಂಗ್, ವಿದ್ಯುತ್ತಿನಿಂದ ನೂಲುವುದು.

ಅದನ್ನು ಹತ್ತಿರದಿಂದ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಿರಿಂಜಿನ ಸೂಜಿ ತುದಿಯಲ್ಲಿ ಪಾಲಿಮರ್, ಅಂದರೆ ಸರಪಳಿಯಂಥ ಉದ್ದ ಅಣುಗಳ ವಸ್ತು, ಅದರ ದ್ರಾವಣದ ಒಂದು ಹನಿ. ಹತ್ತು ಹದಿನೈದು ಸೆಂಟಿಮೀಟರ್ ದೂರದಲ್ಲಿ ಅಲ್ಯೂಮಿನಿಯಂ ಹಾಳೆ. ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಟ್ಟರೆ ದುಂಡಗಿದ್ದ ಹನಿ ಚೂಪಾಗುತ್ತದೆ. ತುದಿಯಿಂದ ಒಂದು ಎಳೆ ಹಾರುತ್ತದೆ. ಹಗ್ಗ ಬೀಸಿದಂತೆ ಸುತ್ತುತ್ತ, ದಾರಿಯಲ್ಲೇ ಒಣಗುತ್ತ, ಹಾಳೆಯ ಮೇಲೆ ಬಿಳೀ ಪದರವಾಗಿ ಕೂರುತ್ತದೆ. ಸುಮ್ನೆ ನೋಡುತ್ತ ನಿಂತುಬಿಡುತ್ತೀರಿ.

ನೇಫಿಯಾನ್ ಒಂದನ್ನೇ ಹಾಕಿದರೆ ಎಳೆ ಬರುವುದಿಲ್ಲ, ತುಂತುರು ಹಾರುತ್ತದೆ. ಅದರ ಸರಪಳಿಗಳು ದ್ರಾವಣದಲ್ಲಿ ಒಂದಕ್ಕೊಂದು ಸರಿಯಾಗಿ ಹೆಣೆದುಕೊಳ್ಳುವುದಿಲ್ಲ. ಅದಕ್ಕೆ ಪಾಲಿ ಎಥಿಲಿನ್ ಆಕ್ಸೈಡ್ ಎಂಬ, ಚೆನ್ನಾಗಿ ಹೆಣೆದುಕೊಳ್ಳುವ ಇನ್ನೊಂದು ಪಾಲಿಮರ್ ಸ್ವಲ್ಪ ಸೇರಿಸುತ್ತಾರೆ. ನೂತ ಮೇಲೆ ಅದನ್ನು ತೊಳೆದು ತೆಗೆಯಬಹುದು.

ನನಗೆ ಬಹಳ ಹಿಡಿಸಿದ್ದು ಎರಡು ಸೂಜಿಯ ವಿಧಾನ. ಒಂದರಿಂದ ನೇಫಿಯಾನ್ ಎಳೆ, ಇನ್ನೊಂದರಿಂದ ಪಾಲಿಫಿನೈಲ್ ಸಲ್ಫೋನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಎಳೆ. ಎರಡೂ ಬೆರೆತ ಪದರವನ್ನು ಬಿಸಿಯಲ್ಲಿ ಒತ್ತಿದರೆ ನೇಫಿಯಾನ್ ಮೆತ್ತಗಾಗಿ ಸಂದುಗಳನ್ನೆಲ್ಲ ತುಂಬುತ್ತದೆ. ತುಂಬಲೇಬೇಕು, ಸಂದು ಉಳಿದರೆ ಎರಡು ಬದಿಯ ಅನಿಲ ಬೆರೆಯುತ್ತವೆ. ಗಟ್ಟಿ ಎಳೆಗಳು ಮಾತ್ರ ಹಾಗೇ ನಿಂತು, ಪೊರೆ ಅಡ್ಡಡ್ಡ ಉಬ್ಬದಂತೆ ಹಿಡಿಯುತ್ತವೆ. ಅವು ಪ್ರೋಟಾನ್ ಸಾಗಿಸುವುದಿಲ್ಲ, ಹಾಗಾಗಿ ಓಟ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಆದರೆ ಗಟ್ಟಿ ಪೊರೆಯನ್ನು ಇನ್ನಷ್ಟು ತೆಳ್ಳಗೆ ಮಾಡಬಹುದು. ದಾರಿ ಗಿಡ್ಡವಾದರೆ ಆ ನಷ್ಟ ತುಂಬಿಕೊಳ್ಳುತ್ತದೆ.

ಸಿರಿಂಜ್ ಪಂಪು, ಹೈವೋಲ್ಟೇಜ್ ಪೆಟ್ಟಿಗೆ, ಹಾಳೆ: ಮುಖ್ಯವಾಗಿ ಬೇಕಾದ್ದು ಇಷ್ಟೇ. ನಮ್ಮ ಭಾಗದ ಹುಡುಗ ಹುಡುಗಿಯರು ಈ ಕೆಲಸಕ್ಕೆ ಕೈ ಹಾಕಬೇಕು ಅಂತ ನನಗೆ ತುಂಬಾ ಆಸೆ. ಹಾಕುವವರಿಗೆ ಒಂದು ಮಾತು. ಮೇ ತಿಂಗಳ ಒಣ ಗಾಳಿಯಲ್ಲಿ ಚಂದ ಬಂದ ಎಳೆ, ಆಗಸ್ಟಿನ ತೇವದಲ್ಲಿ ಒಣಗದೇ ಅಂಟಂಟಾಗಿ ಬರಬಹುದು. ಅವತ್ತಿನ ಗಾಳಿಯ ತೇವ ಎಷ್ಟು ಅಂತ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ನಮಸ್ಕಾರ.