ರಾತ್ರಿ ಪರದೆ ಕಟ್ಟಿದ್ರೆ ಸಾಕಾ? ಆ ಸೊಳ್ಳೆ ಬರೋದೇ ಹಗಲು!

ನಮಸ್ಕಾರ ಎಲ್ಲರಿಗೂ. ಕುಮಟಾದಿಂದ ಮಾತಾಡುತ್ತಿದ್ದೇನೆ. ಇವತ್ತು ಚಕ್ಕುಲಿ ಕಂಬಳದ, ಅಂದ್ರೆ ಚೌತಿಗೆ ಎಲ್ಲರೂ ಸೇರಿ ಚಕ್ಕುಲಿ ಮಾಡುವುದರ ವಿಡಿಯೋ ಹಾಕಬೇಕಿತ್ತು. ಅದು ಮುಂದಿನ ವಾರ ಬರುತ್ತದೆ. ಯಾಕಂದ್ರೆ ಹೋದ ವಿಡಿಯೋದ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಅಕ್ಕಾ, ಚೌತಿಗೆ ಮಕ್ಕಳನ್ನ ಕರ್ಕೊಂಡು ಬೆಂಗಳೂರಿಂದ ಶಿರಸಿಗೆ ಬರ್ತಿದ್ದೀವಿ. ರಾತ್ರಿ ಪರದೆ ಕಟ್ತೀವಿ, ಕಾಯಿಲ್ ಹಚ್ತೀವಿ. ಡೆಂಗ್ಯೂ ಗಿಂಗ್ಯೂ ಅಂತ ಸುಮ್ನೆ ಹೆದರಿಸಬೇಡಿ." ಅದಕ್ಕೆ ರಾಶಿ ಲೈಕ್ ಬೇರೆ!

ಹೆದರಿಸುತ್ತಿಲ್ಲ ತಮ್ಮಾ. ಒಂದೇ ಮಾತು ಹೇಳುತ್ತಿದ್ದೇನೆ. ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲು ಹೊತ್ತು.

ನಮ್ಮ ಅಜ್ಜ, ಅಜ್ಜಿ ರಾತ್ರಿ ಪರದೆ ಕಟ್ಟುತ್ತಿದ್ದರು, ಸರಿ. ಮಲೇರಿಯಾ ತರುವ ಸೊಳ್ಳೆ ರಾತ್ರಿ ಕಚ್ಚುತ್ತದೆ. ಆನೆಕಾಲು ರೋಗ ತರುವುದೂ ರಾತ್ರಿಯದೇ. ಅವರ ಕಾಲಕ್ಕೆ ಅವರು ಮಾಡಿದ್ದು ಬರೋಬ್ಬರಿ. ಡೆಂಗ್ಯೂ ತರುವ ಈಡಿಸ್ ಸೊಳ್ಳೆಯ ವೇಳೆಯೇ ಬೇರೆ. ಮೈ ಕಪ್ಪು, ಕಾಲಿಗೆ ಬಿಳಿ ಪಟ್ಟೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಒಂದೆರಡು ತಾಸು, ಆಮೇಲೆ ಸಂಜೆ ಕತ್ತಲಾಗುವ ಮೊದಲು, ಆಗ ಅದರ ಹಾವಳಿ ಜಾಸ್ತಿ. ನಡುವೆ ನೆರಳಿದ್ದಲ್ಲಿ ಯಾವಾಗ ಬೇಕಾದರೂ ಕಚ್ಚುತ್ತದೆ. ಕಿವಿಯ ಹತ್ತಿರ ಬಂದು ಗುಂಯ್ ಅನ್ನುವುದೂ ಕಡಿಮೆ. ಮೇಜಿನ ಕೆಳಗೆ ಸದ್ದಿಲ್ಲದೆ ಪಾದ, ಕಾಲಿನ ಹರಡು ಹುಡುಕಿಕೊಂಡು ಹೋಗುತ್ತದೆ.

ಈಗ ಪ್ರವಾಸಕ್ಕೆ ಬಂದವರ ದಿನಚರಿ ನೋಡಿ. ಬೆಳಿಗ್ಗೆ ಎದ್ದು ಕಾರವಾರದ ಟ್ಯಾಗೋರ್ ಬೀಚಿನಲ್ಲಿ ವಾಕಿಂಗ್. ಆಮೇಲೆ ಯಾಣದ ಕಾಡಿನ ದಾರಿ. ಸಂಜೆ ಗೋಕರ್ಣದ ಓಂ ಬೀಚಿನಲ್ಲಿ ಸೂರ್ಯಾಸ್ತ. ಮಕ್ಕಳಿಗೆ ಚಡ್ಡಿ, ತೋಳಿಲ್ಲದ ಅಂಗಿ. ಹಗಲಿಡೀ ಸೊಳ್ಳೆಗೆ ಕೈಕಾಲು ಒಡ್ಡಿ, ರಾತ್ರಿ ರೂಮಿಗೆ ಬಂದು ಕಿಟಕಿ ಹಾಕಿ ಕಾಯಿಲ್ ಹಚ್ಚುತ್ತಾರೆ! ಕಳ್ಳ ಮಧ್ಯಾಹ್ನವೇ ಬಂದು ಹೋಗಿದ್ದಾನೆ, ಇವರು ರಾತ್ರಿ ಬಾಗಿಲಿಗೆ ಅಗಳಿ ಹಾಕುತ್ತಾರೆ.

"ಸಮುದ್ರದ ಗಾಳಿಗೆ ಸೊಳ್ಳೆ ಎಲ್ಲಿ ನಿಲ್ಲುತ್ತದೆ?" ಅನ್ನುವವರಿದ್ದಾರೆ. ಹೌದು, ಅಲೆಯ ಹತ್ತಿರ ನಿಲ್ಲಲಿಕ್ಕಿಲ್ಲ. ನೀವು ಇಡೀ ದಿನ ಅಲ್ಲೇ ನಿಂತಿರುತ್ತೀರಾ? ಎಳನೀರು ಕುಡಿಯಲು ಅಂಗಡಿಯ ಹಿಂದಿನ ನೆರಳಿಗೆ ಬರುತ್ತೀರಿ. ಅಲ್ಲಿ ಕುಡಿದು ಬಿಸಾಡಿದ ಬುರುಡೆಗಳ ರಾಶಿ ಇರುತ್ತದೆ. ಒಂದೊಂದು ಬುರುಡೆಯಲ್ಲೂ ಮಳೆ ನೀರು.

"ಘಟ್ಟದ ಮೇಲೆ ತಂಪು, ಅಲ್ಲಿ ಡೆಂಗ್ಯೂ ಇಲ್ಲ" ಅನ್ನುವವರು ಒಮ್ಮೆ ಶಿರಸಿ ಕಡೆಯ ಅಡಿಕೆ ತೋಟಕ್ಕೆ ಬನ್ನಿ. ಮರದಿಂದ ಬಿದ್ದ ಹಾಳೆ ದೋಣಿಯ ಹಾಗೆ ಅಂಗಾತ ಬಿದ್ದಿರುತ್ತದೆ. ಅದರ ಬುಡದಲ್ಲಿ ಒಂದು ಸೌಟು ನೀರು. ಬಗ್ಗಿ ನೋಡಿ. ಮೊದಲು ಕಸ ಅನ್ನಿಸುತ್ತದೆ. ನಿಮ್ಮ ನೆರಳು ಬಿದ್ದ ಕೂಡಲೇ ಆ ಕಸವೆಲ್ಲ ಕೊಂಕಿ ಕೊಂಕಿ ತಳಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬಂದು ಬಾಲ ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗುತ್ತದೆ. ಅವು ಸೊಳ್ಳೆ ಮರಿಗಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಒಣಗಿದರೂ ಮೊಟ್ಟೆ ಸಾಯುವುದಿಲ್ಲ. ತಿಂಗಳುಗಟ್ಟಲೆ ಅಲ್ಲೇ ಅಂಟಿಕೊಂಡಿದ್ದು ಮುಂದಿನ ಮಳೆಗೆ ಒಡೆಯುತ್ತದೆ.

ಹಾಗಾಗಿ ಹೋಂ ಸ್ಟೇಗೆ ಹೋದ ಕೂಡಲೇ ವೈಫೈ ಪಾಸ್‌ವರ್ಡ್ ಕೇಳುವ ಮೊದಲು ಹಿತ್ತಿಲಿಗೆ ಒಂದು ಸುತ್ತು ಹಾಕಿ. ಡ್ರಮ್ಮಿಗೆ ಮುಚ್ಚಳ ಇದೆಯಾ? ಹೂವಿನ ಕುಂಡದ ತಟ್ಟೆ? ಹಳೆ ಟೈರು? ಈ ಸೊಳ್ಳೆ ದೂರದಿಂದ ಬರುವುದಲ್ಲ, ಹೆಚ್ಚಾಗಿ ಹುಟ್ಟಿದ ಜಾಗದ ಸುತ್ತಮುತ್ತಲೇ ಇರುತ್ತದೆ. ನೀರು ಕಂಡರೆ ಮಾಲೀಕರಿಗೆ ಹೇಳಿ. ಹೀಗೆ ಹೇಳಿದ್ದಕ್ಕೆ ಒಬ್ಬರು ನನ್ನ ಮೇಲೆ ಸಿಟ್ಟಾದರು, "ನಮ್ಮ ಮಾನ ತೆಗೀತೀರಿ" ಅಂದರು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡದ ನಿಯಮವನ್ನೂ ತಂದಿತು. ಸೊಳ್ಳೆ ಹುಟ್ಟಲು ಬಿಟ್ಟರೆ ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200. ನೀರು ಚೆಲ್ಲಲು ಖರ್ಚೇನೂ ಇಲ್ಲವಲ್ಲ ಸ್ವಾಮಿ!

ಈಗ ಹಚ್ಚುವ ಮಾತು. ಸೊಳ್ಳೆ ಕ್ರೀಮನ್ನು ಬೆಳಿಗ್ಗೆ ತಿಂಡಿಗೆ ಮೊದಲೇ ಹಚ್ಚಿ. ಸನ್‌ಸ್ಕ್ರೀನ್ ಮೊದಲು, ಅದರ ಮೇಲೆ ಸೊಳ್ಳೆ ಕ್ರೀಮು. ನಮ್ಮ ಕರಾವಳಿಯ ಸೆಕೆಗೆ ಬೆವರಿನಲ್ಲಿ ಹೋಗಿಬಿಡುತ್ತದೆ, ನೀರಿಗೆ ಇಳಿದರೂ ಹೋಗುತ್ತದೆ. ಮತ್ತೆ ಹಚ್ಚಬೇಕು. ಚಿಕ್ಕ ಮಕ್ಕಳ ಅಂಗೈಗೆ, ಕಣ್ಣು ಬಾಯಿ ಹತ್ತಿರ ಬೇಡ. ಎರಡು ತಿಂಗಳೊಳಗಿನ ಕೂಸಿಗೆ ಕ್ರೀಮೇ ಬೇಡ. ತೊಟ್ಟಿಲಿಗೆ ಪರದೆ ಕಟ್ಟಿ. ಹಗಲು ಮಲಗಿಸುವಾಗ ಕಟ್ಟಿ! ಪೂಜೆ ಗಡಿಬಿಡಿಯಲ್ಲಿ ಕೂಸನ್ನು ಜಗುಲಿಯಲ್ಲಿ ಹಾಗೇ ಮಲಗಿಸಿ ಹೋಗುತ್ತಾರೆ. ಪರದೆ ಮಾತ್ರ ರಾತ್ರಿಗೆ ಅಂತ ಮಡಚಿಟ್ಟಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ ನನಗೆ.

ಸಿದ್ದಾಪುರ ಕಡೆ ಹೋಗುವವರು ಮಂಗನ ಕಾಯಿಲೆ ಬಗ್ಗೆ ಕೇಳುತ್ತೀರಿ. ಅದು ಉಣುಗಿನಿಂದ ಬರುವುದು, ಬೇರೆ ವಿಡಿಯೋ ಮಾಡಿದ್ದೇನೆ, ಚಾನಲ್ಲಿನಲ್ಲಿದೆ. ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ.

"ನಮಗೆ ಒಮ್ಮೆ ಬಂದು ಹೋಗಿದೆ, ಇನ್ನು ಬರಲ್ಲ" ಅಂತ ಇನ್ನೊಬ್ಬರು. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದವರಿಗೆ ಇನ್ನೊಂದು ಬಗೆ ಬಂದರೆ ಎರಡನೇ ಸಲ ಹೆಚ್ಚು ತೀವ್ರವಾಗುವ ಅಪಾಯ ಇದೆ. "ಪಪ್ಪಾಯಿ ಎಲೆ ರಸ ಇದೆಯಲ್ಲ" ಅನ್ನಬೇಡಿ. ಅದನ್ನು ನಂಬಿಕೊಂಡು ಮಗುವನ್ನು ಆಸ್ಪತ್ರೆಗೆ ತಡ ಮಾಡಿ ಒಯ್ಯುವುದಿದೆಯಲ್ಲ, ಅದು ನನಗೆ ಸಹಿಸಲು ಆಗುವುದಿಲ್ಲ.

ಕಚ್ಚಿದ 4ರಿಂದ 10 ದಿನಕ್ಕೆ ಜ್ವರ ಬರುತ್ತದೆ. ಅಂದರೆ ನೀವು ಊರಿಗೆ ಮರಳಿದ ಮೇಲೆ. ಡಾಕ್ಟರಿಗೆ ಎಲ್ಲೆಲ್ಲಿ ಹೋಗಿದ್ದಿರಿ ಅಂತ ಹೇಳಿ. ಪ್ಯಾರಾಸಿಟಮಾಲ್ ಸರಿ. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಭಯ ಇದೆ. ಇನ್ನೊಂದು, ಜ್ವರ ಇಳಿಯಿತು ಅಂತ ಮಗುವನ್ನು ರಾತ್ರಿ ಬಸ್ಸು ಹತ್ತಿಸಬೇಡಿ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಜೋಪಾನ ಬೇಕಾದದ್ದು. ಹೊಟ್ಟೆ ನೋವು ಜಾಸ್ತಿಯಾದರೆ, ವಾಂತಿ ನಿಲ್ಲದಿದ್ದರೆ, ಒಸಡಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಸೀದಾ ಆಸ್ಪತ್ರೆ.

ಇನ್ನೊಂದು ಕಡೆಯೂ ನೋಡಿ. ಬೆಂಗಳೂರಲ್ಲೇ ಜ್ವರ ಹಿಡಿದಿದ್ದರೆ ಹಬ್ಬಕ್ಕೆ ಅಂತ ಅದನ್ನು ಹೊತ್ತುಕೊಂಡು ಅಜ್ಜಿ ಮನೆಗೆ ಬರಬೇಡಿ. ನಿಮ್ಮನ್ನು ಕಚ್ಚಿದ ಸೊಳ್ಳೆ ಮುಂದೆ ಅಜ್ಜಿಯನ್ನೂ ಕಚ್ಚುತ್ತದೆ. ಬಂದ ಮೇಲೆ ಜ್ವರ ಹತ್ತಿದರೆ ಹಗಲೂ ಪರದೆಯೊಳಗೆ ಮಲಗಿ. ಹಗಲೂ! ಎಷ್ಟು ಸಲ ಹೇಳಲಿ? ಹಗಲು, ಹಗಲು, ಹಗಲು.

"ಚೌತಿಗೆ ಬಂದು ಅಷ್ಟೆಲ್ಲ ಯಾರು ನೋಡ್ತಾರೆ ಅಕ್ಕಾ" ಅಂತ ಬರೆಯುವವರು ಬರೆಯಿರಿ, ಬೇಜಾರಿಲ್ಲ. ಆದರೆ ಮಕ್ಕಳಿಗೆ ತುಂಬು ತೋಳಿನ ಅಂಗಿ ಹಾಕಿ ಆಮೇಲೆ ಬರೆಯಿರಿ. ಈ ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಈಗಲೇ ಕಳಿಸಿ. ಹೊನ್ನಾವರ, ಅಂಕೋಲಾ, ಭಟ್ಕಳದವರು ನಿಮ್ಮ ಕೇರಿಯಲ್ಲಿ ಎಲ್ಲಿ ನೀರು ನಿಂತಿದೆ ಅಂತ ಕೆಳಗೆ ಹಾಕಿ. ಇಲ್ಲಿ ಗಾಳಿ ಮಳೆ ಶುರುವಾಗಿದೆ, ಕರೆಂಟ್ ಹೋಗುವುದರೊಳಗೆ ಇದನ್ನು ಅಪ್‌ಲೋಡ್ ಮಾಡುತ್ತೇನೆ. ಬರ್ತೇನೆ, ನಮಸ್ಕಾರ.