ತವರಿನ ಗೆಲುವು ಮತ್ತು ಶ್ವೇತಭವನದ ದಾರಿ: ರಾನ್ ಡಿಸ್ಯಾಂಟಿಸ್ ಬಗ್ಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

2022ರ ನವೆಂಬರ್‌ನಲ್ಲಿ ಅಮೆರಿಕದ ಎಷ್ಟೋ ಪತ್ರಕರ್ತರು, ಹಣವಂತರು, ಪಕ್ಷದ ಹಿರಿಯರು ಒಂದೇ ಹೆಸರು ಹೇಳುತ್ತಿದ್ದರು. ಫ್ಲಾರಿಡಾದ ಗವರ್ನರ್ ರಾನ್ ಡಿಸ್ಯಾಂಟಿಸ್. ರಿಪಬ್ಲಿಕನ್ ಪಕ್ಷದ ಮುಂದಿನ ಅಧ್ಯಕ್ಷ ಅಭ್ಯರ್ಥಿ ಇವರೇ ಅನ್ನುವ ಮಾತು ಜೋರಾಗಿತ್ತು. 2024ರ ಜನವರಿ 21ರಂದು ಅವರು ಕಣದಿಂದ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ಆ ನಿರೀಕ್ಷೆ ಕರಗಿಹೋಯಿತು. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಟ್ರಂಪ್ ಹೆಸರು ಹೇಳಿ ಸುಮ್ಮನಾಗುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. 2028ರ ಲೆಕ್ಕ ಆಗಲೇ ಶುರುವಾಗಿದೆ. ಹೋದ ಸಲ ಅಳೆದ ಕೋಲಿನಿಂದಲೇ ಮತ್ತೆ ಅಳೆದರೆ ಮತ್ತೆ ಎಡವುತ್ತೇವೆ.

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಕೆಲಸ ನಮ್ಮ ಮುಖ್ಯಮಂತ್ರಿಯದು, ಆದರೆ ಜನರೇ ನೇರವಾಗಿ ಆರಿಸುತ್ತಾರೆ. ಅಲ್ಲಿಂದ ಮೇಲೇರುವ ದಾರಿ ಮಾತ್ರ ಬೇರೆ. 1996ರಲ್ಲಿ ದೇವೇಗೌಡರು ಮುಖ್ಯಮಂತ್ರಿ ಕುರ್ಚಿಯಿಂದ ನೇರ ಪ್ರಧಾನಿ ಕುರ್ಚಿಗೆ ಹೋದರು. ಸಂಯುಕ್ತ ರಂಗದ ನಾಯಕರು ಒಟ್ಟಿಗೆ ಕೂತು ತೀರ್ಮಾನಿಸಿದರೆ ಸಾಕಾಗಿತ್ತು. ಅಮೆರಿಕದಲ್ಲಿ ಪಕ್ಷದ ಟಿಕೆಟ್‌ಗೂ ಜನರ ಮತವೇ ಬೇಕು. ಗವರ್ನರ್ ಹೆಸರನ್ನೇ ಸರಿಯಾಗಿ ಕೇಳದ ರಾಜ್ಯಗಳಿಗೆ ಹೋಗಿ, ಒಂದೊಂದು ರಾಜ್ಯದಲ್ಲೂ ಮೊದಲಿನಿಂದ ಕೇಳಬೇಕು.

ಈಗ ಡಿಸ್ಯಾಂಟಿಸ್ ವಿಷಯಕ್ಕೆ ಬರೋಣ. 2018ರಲ್ಲಿ ಅವರು ಗವರ್ನರ್ ಆಗಿದ್ದು 80 ಲಕ್ಷಕ್ಕೂ ಜಾಸ್ತಿ ಮತಗಳಲ್ಲಿ ಬರೀ 32 ಸಾವಿರದಷ್ಟು ಅಂತರದಿಂದ. ನಾಲ್ಕು ವರ್ಷದ ನಂತರ 59 ಶೇಕಡಾ ಮತ, 19 ಪಾಯಿಂಟ್ ಅಂತರ. ಡೆಮಾಕ್ರಟಿಕ್ ಪಕ್ಷದ ಕೋಟೆಯಾಗಿದ್ದ ಮಯಾಮಿ-ಡೇಡ್ ಕೌಂಟಿಯನ್ನೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಗೆದ್ದರು. ಆಡಳಿತದಲ್ಲೂ ಕೈ ಗಟ್ಟಿ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಬಂದು ಸ್ಯಾನಿಬೆಲ್ ದ್ವೀಪಕ್ಕೆ ಹೋಗುವ ಸೇತುವೆ ರಸ್ತೆಯನ್ನು ಕಿತ್ತುಹಾಕಿತು. ಮೂರು ವಾರದಲ್ಲಿ ತಾತ್ಕಾಲಿಕ ದುರಸ್ತಿ ಮುಗಿದು ವಾಹನಗಳು ಓಡಾಡಿದವು. ಇದನ್ನು ಮೆಚ್ಚಲೇಬೇಕು. ಮನೆ ಕಳೆದುಕೊಂಡವರಿಗೆ ಸಿದ್ಧಾಂತಕ್ಕಿಂತ ಸೇತುವೆ ಮುಖ್ಯ.

ಆದರೆ ಫ್ಲಾರಿಡಾದಲ್ಲಿ ಅವರಿಗೆ ಎದುರು ಹೇಳುವವರೇ ಇರಲಿಲ್ಲ. 2022ರ ನಂತರ ಶಾಸಕಾಂಗದ ಎರಡೂ ಸದನಗಳಲ್ಲಿ ಅವರ ಪಕ್ಷಕ್ಕೆ ಮೂರನೇ ಎರಡರಷ್ಟು ಬಲ. ಶಾಲೆಗಳಲ್ಲಿ ಲೈಂಗಿಕ ಒಲವು, ಲಿಂಗ ಗುರುತಿನ ಪಾಠಕ್ಕೆ ಕಡಿವಾಣ ಹಾಕುವ ಕಾನೂನನ್ನು ಡಿಸ್ನಿ ಕಂಪನಿ ವಿರೋಧಿಸಿತು. ಅರ್ಧ ಶತಮಾನದಿಂದ ಆ ಕಂಪನಿಗಿದ್ದ ವಿಶೇಷ ಆಡಳಿತ ಪ್ರದೇಶದ ಹಿಡಿತವನ್ನೇ ಶಾಸಕಾಂಗ ಕಿತ್ತುಕೊಂಡಿತು. ತವರಿನಲ್ಲಿ ಅವರು ಹೇಳಿದ್ದು ಆಗುತ್ತಿತ್ತು. ಅಧ್ಯಕ್ಷ ಅಭ್ಯರ್ಥಿಯ ಕೆಲಸ ಹೇಳುವುದಲ್ಲ, ಕೇಳುವುದು. ನನ್ನ ಮಟ್ಟಿಗೆ ಇಡೀ ಕಥೆ ಇಲ್ಲೇ ಇದೆ.

ಅವರು ಸ್ಪರ್ಧೆ ಘೋಷಿಸಿದ್ದು 2023ರ ಮೇ 24ರಂದು, ಇಲಾನ್ ಮಸ್ಕ್ ಜೊತೆ ಟ್ವಿಟರ್‌ನ ಧ್ವನಿ ಕಾರ್ಯಕ್ರಮದಲ್ಲಿ. ಮೊದಲ ಇಪ್ಪತ್ತು ನಿಮಿಷ ಸರ್ವರ್ ಕೈಕೊಟ್ಟಿತು. ಎಲ್ಲರೂ ಅದನ್ನೇ ಎತ್ತಿ ಆಡಿದರು. ನನಗೆ ಸರ್ವರ್ ದೊಡ್ಡ ವಿಷಯ ಅನ್ನಿಸುವುದಿಲ್ಲ. ಜನರ ಮುಂದೆ ನಿಲ್ಲಬೇಕಾದ ದಿನ ಅವರು ಜನರೇ ಇಲ್ಲದ ಜಾಗ ಆರಿಸಿಕೊಂಡರಲ್ಲ, ಅದು ದೊಡ್ಡ ವಿಷಯ.

ಆಮೇಲೆ ಅಯೋವಾ, ಪಕ್ಷದ ಟಿಕೆಟ್‌ಗೆ ಎಲ್ಲರಿಗಿಂತ ಮೊದಲು ಮತ ಹಾಕಿದ ರಾಜ್ಯ. ಪ್ರಾಮಾಣಿಕವಾಗಿ ದುಡಿದರು. 99 ಕೌಂಟಿಗಳಿಗೂ ಹೋದರು. ಅಲ್ಲಿನ ಗವರ್ನರ್ ಕಿಮ್ ರೆನಾಲ್ಡ್ಸ್ ಬೆಂಬಲವೂ ಸಿಕ್ಕಿತು. 2024ರ ಜನವರಿ 15ರ ಸಂಜೆ, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ, ಜನ ಶಾಲೆಗಳಲ್ಲಿ, ಚರ್ಚುಗಳಲ್ಲಿ ಸೇರಿದರು. ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಯಾರಾದರೂ ಎದ್ದು ನಾಲ್ಕು ಮಾತಾಡುತ್ತಾರೆ. ಆಮೇಲೆ ಚೀಟಿ ಹಂಚುತ್ತಾರೆ, ಹೆಸರು ಬರೆದು ಕೊಡಬೇಕು. ಅಷ್ಟೇ ಚುನಾವಣೆ. ಟ್ರಂಪ್‌ಗೆ 51 ಶೇಕಡಾ, ಡಿಸ್ಯಾಂಟಿಸ್‌ಗೆ 21, ನಿಕ್ಕಿ ಹೇಲಿಗೆ 19. ಟ್ರಂಪ್ 98 ಕೌಂಟಿ ಗೆದ್ದರು. ಉಳಿದ ಒಂದನ್ನು ಹೇಲಿ ಒಂದೇ ಒಂದು ಮತದಿಂದ ಗೆದ್ದರು. ಎಲ್ಲ ಕೌಂಟಿಗಳನ್ನೂ ಸುತ್ತಿ ಬಂದ ಡಿಸ್ಯಾಂಟಿಸ್‌ಗೆ ಒಂದೂ ಸಿಗಲಿಲ್ಲ.

ದುಡ್ಡಿನ ಕೊರತೆಯೇ? ಅದೂ ಅಲ್ಲ. ಗವರ್ನರ್ ಚುನಾವಣೆಗೆಂದು ಕೂಡಿಟ್ಟು ಉಳಿದಿದ್ದ ಸುಮಾರು 8 ಕೋಟಿ ಡಾಲರ್ ಅವರ ಬೆಂಬಲದ ಸೂಪರ್ ಪ್ಯಾಕ್‌ಗೆ ಹೋಗಿತ್ತು. ಆದರೆ ಸೂಪರ್ ಪ್ಯಾಕ್ ಅಂದರೆ ಹೊರಗಿನಿಂದ ಪ್ರಚಾರ ಮಾಡುವ ಪ್ರತ್ಯೇಕ ಸಂಸ್ಥೆ, ಅಭ್ಯರ್ಥಿಯ ಸ್ವಂತ ಜೇಬಲ್ಲ. ಅದು ಎಷ್ಟು ಬೇಕಾದರೂ ಹಣ ಎತ್ತಬಹುದು, ಆದರೆ ಖರ್ಚಿನ ಬಗ್ಗೆ ಅಭ್ಯರ್ಥಿಯ ಜೊತೆ ಕೂತು ಯೋಜನೆ ಮಾಡುವಂತಿಲ್ಲ. ಪ್ರಚಾರದ ಸಂಬಳ, ಓಡಾಟಕ್ಕೆ ಅಭ್ಯರ್ಥಿಯ ಸ್ವಂತ ಖಾತೆಯೇ ಬೇಕು. ಅದಕ್ಕೆ ಒಬ್ಬ ವ್ಯಕ್ತಿ ಕೊಡಬಹುದಾದ ಮೊತ್ತಕ್ಕೆ ಮಿತಿ ಇದೆ. ಅಂದರೆ ಸಣ್ಣ ಮೊತ್ತ ಕೊಡುವ ತುಂಬಾ ಜನ ಬೇಕು. ಮತ್ತೆ ಕೇಳುವ ಕೆಲಸವೇ.

ವಿಸ್ಕಾನ್ಸಿನ್‌ನ ಗವರ್ನರ್ ಆಗಿದ್ದ ಸ್ಕಾಟ್ ವಾಕರ್ ಇದೇ ಗುಂಡಿಗೆ ಮೊದಲೇ ಬಿದ್ದಿದ್ದರು. 2011ರಲ್ಲಿ ಅವರು ಸರ್ಕಾರಿ ನೌಕರರ ಸಂಘಗಳ ಹಕ್ಕು ಮೊಟಕು ಮಾಡುವ ಮಸೂದೆ ತಂದಾಗ, ಕೋರಂ ಸಿಗದಂತೆ ಮಾಡಲು ವಿರೋಧ ಪಕ್ಷದ 14 ಸೆನೆಟರ್‌ಗಳು ಪಕ್ಕದ ಇಲಿನಾಯ್ ರಾಜ್ಯಕ್ಕೆ ಹೋಗಿ ಕೂತರು. ರೆಸಾರ್ಟ್ ರಾಜಕೀಯ ಕಂಡ ನಮಗೆ ಈ ದೃಶ್ಯ ಊಹಿಸುವುದು ಕಷ್ಟವಲ್ಲ. ವಾಕರ್ ಬಗ್ಗಲಿಲ್ಲ. 2012ರಲ್ಲಿ ಅವರನ್ನು ವಾಪಸ್ ಕರೆಸಲು ನಡೆದ ಮತದಾನವನ್ನೂ ಗೆದ್ದರು. ಅಮೆರಿಕದಲ್ಲಿ ಹಾಗೆ ಗೆದ್ದ ಮೊದಲ ಗವರ್ನರ್ ಅವರು. ಅಧ್ಯಕ್ಷ ಸ್ಪರ್ಧೆಗೆ 2015ರ ಜುಲೈನಲ್ಲಿ ಇಳಿದರು, ಸೆಪ್ಟೆಂಬರ್‌ನಲ್ಲಿ ಹೊರಬಂದರು. ಟೆಕ್ಸಾಸ್‌ನ ಗವರ್ನರ್ ಆಗಿದ್ದ ರಿಕ್ ಪೆರಿ ಅಂದ ಕೂಡಲೇ 2011ರ ನವೆಂಬರ್‌ನ ಅಧ್ಯಕ್ಷ ಅಭ್ಯರ್ಥಿಗಳ ಆ ಚರ್ಚೆ ನೆನಪಾಗುತ್ತದೆ. ಮುಚ್ಚಬೇಕೆಂದಿದ್ದ ಮೂರು ಇಲಾಖೆಗಳಲ್ಲಿ ಮೂರನೆಯದರ ಹೆಸರೇ ಅವರಿಗೆ ಹೊಳೆಯಲಿಲ್ಲ. ಆದರೆ ಅವರು ಅದಕ್ಕೂ ಮೊದಲೇ ಸೊರಗಿದ್ದರು. ದಾಖಲೆ ಇಲ್ಲದೆ ಬಂದ ವಲಸಿಗರ ಮಕ್ಕಳಿಗೆ ಟೆಕ್ಸಾಸ್ ಕಾಲೇಜುಗಳಲ್ಲಿ ರಾಜ್ಯದವರಷ್ಟೇ ಶುಲ್ಕ ಅನ್ನುವ 2001ರ ಕಾನೂನನ್ನು ಅವರು ವೇದಿಕೆಯಲ್ಲಿ ಸಮರ್ಥಿಸಿಕೊಂಡರು. ಮೆಕ್ಸಿಕೋ ಗಡಿಯ ರಾಜ್ಯದಲ್ಲಿ ಅದು ಸಹಜ ನ್ಯಾಯ. ದೇಶದ ಉಳಿದ ಕಡೆ ಅವರದೇ ಪಕ್ಷದವರಿಗೆ ಅದು ಅಪರಾಧವಾಗಿ ಕಂಡಿತು. ಆ ಮಾತಿಗೆ ಪೆರಿ ಬೆಲೆ ತೆತ್ತರು. ಅವರ ಬಗ್ಗೆ ನನಗೆ ಗೌರವ ಹೆಚ್ಚಾಗಿದ್ದು ಅಲ್ಲೇ.

ಹಾಗಾದರೆ ಗವರ್ನರ್‌ಗಳಿಗೆ ಆಗುವುದೇ ಇಲ್ಲವೇ? ಆಗುತ್ತದೆ. ಕಾರ್ಟರ್, ರೇಗನ್, ಕ್ಲಿಂಟನ್, ಜಾರ್ಜ್ ಡಬ್ಲ್ಯೂ. ಬುಷ್, ಎಲ್ಲರೂ ಗವರ್ನರ್‌ಗಳೇ. ರೇಗನ್ ದಾರಿ ನೋಡಿ. 1967ರಿಂದ 1975ರವರೆಗೆ ಕ್ಯಾಲಿಫೋರ್ನಿಯಾ ಆಳಿದರು. ಮರುವರ್ಷ ಅಧ್ಯಕ್ಷ ಫೋರ್ಡ್ ವಿರುದ್ಧ ಪಕ್ಷದ ಟಿಕೆಟ್‌ಗೆ ಹೋರಾಡಿ 1,187ಕ್ಕೆ 1,070 ಪ್ರತಿನಿಧಿ ಮತಗಳಿಂದ ಸೋತರು. ಅಧಿಕಾರ ಬಿಟ್ಟ ಆ ವರ್ಷಗಳಲ್ಲಿ ಅವರು ರೇಡಿಯೋದಲ್ಲಿ ಮಾತಾಡಿದರು, ಪತ್ರಿಕೆಗೆ ಅಂಕಣ ಬರೆದರು, ಊರೂರು ಸುತ್ತಿದರು. 1980ರಲ್ಲಿ 44 ರಾಜ್ಯ ಗೆದ್ದ ರೇಗನ್ ಗವರ್ನರ್ ಕುರ್ಚಿಯಿಂದ ನೇರ ಬಂದವರಲ್ಲ. ಕುರ್ಚಿ ಬಿಟ್ಟ ಮೇಲೆ ಜನರ ಮನೆಯೊಳಗಿನ ದನಿಯಾಗಿ ಬಂದವರು. ಬುಷ್‌ಗೆ ತಂದೆಯ ಹೆಸರಿತ್ತು, ಜೊತೆಗೆ 2000ದಲ್ಲಿ ಪಕ್ಷದ ಯಜಮಾನಿಕೆ ಖಾಲಿ ಇತ್ತು. ಡಿಸ್ಯಾಂಟಿಸ್‌ಗೆ ಆ ಖಾಲಿ ಜಾಗ ಸಿಗಲಿಲ್ಲ. ಟ್ರಂಪ್ ಮೇಲೆ ಆರೋಪಪಟ್ಟಿಗಳು ಬಂದಂತೆಲ್ಲ ಪಕ್ಷದ ಮತದಾರರು ಅವರ ಹಿಂದೆ ಇನ್ನಷ್ಟು ಒತ್ತಾಗಿ ನಿಂತರು.

2028ರಲ್ಲಿ ಟ್ರಂಪ್ ನಿಲ್ಲುವಂತಿಲ್ಲ, ಯಾರೂ ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರಾಗಿ ಆಯ್ಕೆಯಾಗಬಾರದು ಅನ್ನುವ ಸಂವಿಧಾನದ 22ನೇ ತಿದ್ದುಪಡಿ ಅಡ್ಡ ಬರುತ್ತದೆ. ಆದರೆ ಉಪಾಧ್ಯಕ್ಷ ವ್ಯಾನ್ಸ್ ಇದ್ದಾರೆ, ಹಾಗಾಗಿ ಜಾಗ ಪೂರ್ತಿ ಖಾಲಿ ಅನ್ನಲಾಗದು. ಡಿಸ್ಯಾಂಟಿಸ್ ಅವಧಿ 2027ರ ಜನವರಿಯವರೆಗೆ. ಆಮೇಲೆ ರೇಗನ್ ಮಾಡಿದಂತೆ ಅಧಿಕಾರವಿಲ್ಲದೆ ಜನರ ನಡುವೆ ಓಡಾಡಿದರೆ ಅವರಿಗೆ ಅವಕಾಶ ಇದೆ ಅನ್ನಿಸುತ್ತದೆ. ಪಕ್ಷದ ಟಿಕೆಟ್ ಸಿಕ್ಕಿದರೂ ಇನ್ನೊಂದು ಕಷ್ಟ ಉಳಿಯುತ್ತದೆ. ಅದರ ಬಗ್ಗೆ ಚರ್ಚೆ ಸಾಲದು.

2023ರ ಏಪ್ರಿಲ್‌ನಲ್ಲಿ, ಆರು ವಾರದ ನಂತರ ಗರ್ಭಪಾತಕ್ಕೆ ನಿರ್ಬಂಧ ಹೇರುವ ಕಾನೂನಿಗೆ ಅವರು ಸಹಿ ಹಾಕಿದರು. ಆರು ವಾರ ಅಂದರೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿ ಅಂತಲೇ ಗೊತ್ತಾಗಿರುವುದಿಲ್ಲ. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸುವ ತಿದ್ದುಪಡಿ 2024ರ ನವೆಂಬರ್‌ನಲ್ಲಿ ಜನರ ಮುಂದೆ ಬಂತು. ಡಿಸ್ಯಾಂಟಿಸ್ ಅದರ ವಿರುದ್ಧ ಶಕ್ತಿ ಮೀರಿ ಪ್ರಚಾರ ಮಾಡಿದರು. ಪಾಸಾಗಲು 60 ಶೇಕಡಾ ಬೇಕಿತ್ತು, ಬಿದ್ದಿದ್ದು 57. ಹಾಗಾಗಿ ಕಾನೂನು ಉಳಿಯಿತು. ಆದರೆ ಅವರನ್ನು 59 ಶೇಕಡಾ ಮತ ಕೊಟ್ಟು ಗೆಲ್ಲಿಸಿದ್ದ ರಾಜ್ಯವೇ, ಎರಡು ವರ್ಷದಲ್ಲಿ, ಅವರ ಅತಿ ಮುಖ್ಯ ನಿಲುವಿನ ವಿರುದ್ಧ 57 ಶೇಕಡಾ ಮತ ಹಾಕಿತು. ಯಾವ ಪಕ್ಷಕ್ಕೂ ಖಾತ್ರಿಯಿಲ್ಲದ ಮಿಷಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ನ ಮಹಿಳೆಯರ ಮುಂದೆ ಅವರು ಯಾವತ್ತಾದರೂ ನಿಂತರೆ, ಮೊದಲು ಉತ್ತರ ಕೊಡಬೇಕಾಗುವುದು ಈ 57ಕ್ಕೆ.