ಫೋನಿನ ಆ ಕಡೆ ಓದೋ ಮಗು: ಮನೆಯಿಂದಲೇ ಶಿಕ್ಷಣ ಸಂಶೋಧನೆ

ನಮಸ್ಕಾರ. ಬೆಳಿಗ್ಗೆ ಒಂಬತ್ತೂವರೆ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ತಂತಿ ಇರೋ ಹೆಡ್‌ಸೆಟ್, ಕರೆ ಮಾಡೋಕೆ ಅಂತಲೇ ಇಟ್ಟಿರೋ ಬೇರೆ ಸಿಮ್ಮಿನ ಫೋನು, ಒಂದು ನೋಟ್‌ಬುಕ್. ಮನೆಯಲ್ಲಿ ಕೂತು ಸರ್ಕಾರಿ ಶಾಲೆ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡೋರಿಗೆ ಇಷ್ಟು ಸಾಕು. ಆದರೆ ಶಾಲೆಗೇ ಹೋದಾಗ ತಾನಾಗಿ ಕಣ್ಣಿಗೆ ಬೀಳೋದು ಇಲ್ಲಿ ಬೀಳಲ್ಲ. ಗೋಡೆ ಮೇಲಿನ ನಲಿ-ಕಲಿ ಏಣಿ (ಸಣ್ಣ ತರಗತಿಗಳ ಚಟುವಟಿಕೆ ಕಲಿಕೆಯ ಮೆಟ್ಟಿಲುಗಳನ್ನ ತೋರಿಸೋ ಪಟ) ಕಾಣಲ್ಲ, ಕೊನೇ ಸಾಲಲ್ಲಿ ತಲೆ ತಗ್ಗಿಸಿ ಕೂತ ಮಗು ಕಾಣಲ್ಲ. ದೂರ ಏನೇನನ್ನ ನುಂಗಿಹಾಕುತ್ತೆ ಅಂತ ತಿಳಿದುಕೊಂಡೇ ಕೆಲಸಕ್ಕೆ ಕೂರಬೇಕು.

ಮೊದಲು ಶಾಲೆಗಳ ಪಟ್ಟಿ. ಹೆಸರು ನೋಡಿ ಎರಡು ಪಟ್ಟಿ ಜೋಡಿಸೋಕೆ ಹೋಗಬೇಡಿ. ಹೊಸಹಳ್ಳಿ, ರಾಮಪುರ ಅನ್ನೋ ಊರು ಎಷ್ಟೋ ಜಿಲ್ಲೆಗಳಲ್ಲಿ ಸಿಗುತ್ತೆ. ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರೋ 11 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಯು-ಡೈಸ್ ಕೋಡ್ ಹಿಡಿಯಿರಿ. ಮೊದಲ 2 ಅಂಕಿ ರಾಜ್ಯ, ಕರ್ನಾಟಕದ್ದು 29. ಆಮೇಲಿನ 2 ಜಿಲ್ಲೆ, 2 ಬ್ಲಾಕು, 3 ಊರು ಅಥವಾ ವಾರ್ಡು, ಕೊನೇ 2 ಶಾಲೆ. ಪಟ್ಟಿ ಇರೋ ಸಿಎಸ್‌ವಿ ಫೈಲನ್ನ (ಕಾಲಮ್ಮುಗಳನ್ನ ಅಲ್ಪವಿರಾಮದಿಂದ ಬೇರೆ ಮಾಡಿದ ಸಾದಾ ಪಠ್ಯ) ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆ ಕೂತಿರಬಹುದು. ಡೇಟಾ ಮೆನುವಿನಿಂದ ಒಳಗೆ ತಂದು, ಎನ್‌ಕೋಡಿಂಗ್ 65001, ಅಂದರೆ ಯುಟಿಎಫ್-8 ಆಯ್ದುಕೊಳ್ಳಿ. ಕೋಡ್ ಇರೋ ಕಾಲಮ್ಮನ್ನ ಟೆಕ್ಸ್ಟ್ ಅಂತಲೇ ಗುರುತಿಸಿ. ಇಲ್ಲದಿದ್ರೆ ರಾಜಸ್ಥಾನದಂಥ ರಾಜ್ಯದ ಜತೆ ಹೋಲಿಸುವಾಗ ಅಲ್ಲಿನ 08ರ ಮುಂದಿನ ಸೊನ್ನೆ ಹಾರಿಹೋಗಿ 10 ಅಂಕಿ ಉಳಿಯುತ್ತೆ, ಯಾವ ಶಾಲೆಯೂ ತಾಳೆಯಾಗಲ್ಲ.

ಜಿಲ್ಲೆ ಹೆಸರಿನ ಗೋಜಲು ಇನ್ನೂ ದೊಡ್ಡದು. 2011ರ ಜನಗಣತಿ ಫೈಲಿನಲ್ಲಿ ಗುಲ್ಬರ್ಗಾ, ಬಿಜಾಪುರ ಅಂತಿದ್ದದ್ದು 2014ರ ನವೆಂಬರ್ 1ರಿಂದ ಕಲಬುರಗಿ, ವಿಜಯಪುರ ಆಯ್ತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆ ಜಿಲ್ಲೆಯಾಯ್ತು, ಹಾಗಾಗಿ ಹಳೇ ಫೈಲಿನಲ್ಲಿ ಅದು ಇರೋದೇ ಇಲ್ಲ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಆದರೆ ಶಿಕ್ಷಣ ಇಲಾಖೆಯಲ್ಲಿ ಮೊದಲಿಂದಲೂ ಬೆಂಗಳೂರು ದಕ್ಷಿಣ ಅನ್ನೋ ಶೈಕ್ಷಣಿಕ ಜಿಲ್ಲೆ, ಅಂದರೆ ಇಲಾಖೆ ತನ್ನ ಆಡಳಿತಕ್ಕೆ ಮಾಡಿಕೊಂಡ ವಿಭಾಗ ಇತ್ತು, ಅದು ಬೇರೆ. ಚಿಕ್ಕೋಡಿ, ಶಿರಸಿ, ಮಧುಗಿರಿ ಕೂಡ ಹಾಗೇ, ಕಂದಾಯ ಜಿಲ್ಲೆ ಅಲ್ಲ, ಶೈಕ್ಷಣಿಕ ಜಿಲ್ಲೆ. ಹಳೇ ಹೆಸರು, ಹೊಸ ಹೆಸರು, ಕಂದಾಯ ಜಿಲ್ಲೆ, ಶೈಕ್ಷಣಿಕ ಜಿಲ್ಲೆ ಅಂತ ನಾಲ್ಕು ಕಾಲಮ್ಮಿನ ಹಾಳೆಯೊಂದನ್ನ ಒಮ್ಮೆ ಕೂತು ಮಾಡಿಟ್ಟುಕೊಂಡ್ರೆ ವರ್ಷಗಟ್ಟಲೆ ಬಳಕೆಗೆ ಬರುತ್ತೆ. ಇನ್ನು ಕಚೇರಿಗಳಿಂದ ಹಳೇ 'ನುಡಿ' ತಂತ್ರಾಂಶದ ಫಾಂಟಿನ ಕಡತ ಬಂದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಅರ್ಕಾವೊತ್ತು ಇರೋ ಪದಗಳನ್ನ ಕಣ್ಣಾಡಿಸಿ ನೋಡಿ, ಕೆಡೋದು ಹೆಚ್ಚಾಗಿ ಅಲ್ಲೇ.

ಕರೆ ಮಾಡೋ ಹೊತ್ತು. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ ಕೈಯಲ್ಲಿಲ್ಲದೆ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಬೇಡಿ, ಅವರನ್ನ ಸುಮ್ಮನೆ ಇಕ್ಕಟ್ಟಿಗೆ ಸಿಗಿಸಿದ ಹಾಗಾಗುತ್ತೆ. ಪಾಠದ ಹೊತ್ತಲ್ಲೂ ಬೇಡ, ಬಿಸಿಯೂಟದ ಹೊತ್ತಲ್ಲೂ ಬೇಡ. ಶಾಲೆ ಬಿಟ್ಟ ತಕ್ಷಣ ಹೆಚ್ಚಿನವರು ಬಸ್ಸಿನಲ್ಲಿರ್ತಾರೆ. ಸಂಜೆ ಐದೂವರೆ ಮೇಲೆ ಅಥವಾ ಬೆಳಗಿನ ಶಾಲೆ ಇರೋ ಶನಿವಾರ ಮಧ್ಯಾಹ್ನ ಸರಿ. 25 ನಿಮಿಷ ದಾಟಿದ ಮೇಲೆ ಉತ್ತರ ಎಲ್ಲ ಹೌದು, ಇಲ್ಲ ಅನ್ನೋದಕ್ಕೆ ಇಳಿಯುತ್ತೆ. ನಲಿ-ಕಲಿ ಶಿಕ್ಷಕರಿಗೆ ಪಠ್ಯಪುಸ್ತಕದ ಎಷ್ಟನೇ ಪಾಠ ನಡೀತಿದೆ ಅಂತ ಕೇಳಿದ್ರೆ ಪ್ರಶ್ನೆಯೇ ತಪ್ಪು. ಒಂದೇ ಕೋಣೆಯಲ್ಲಿ ಒಂದೊಂದು ಮಗು ಏಣಿಯ ಒಂದೊಂದು ಮೆಟ್ಟಿಲಲ್ಲಿರುತ್ತೆ. ಯಾವ ಮೈಲಿಗಲ್ಲಲ್ಲಿ ಎಷ್ಟು ಮಕ್ಕಳು ಅಂತ ಕೇಳಿ.

ಮನೆಗಳಿಗೆ ಕರೆ ರಾತ್ರಿ ಏಳರ ಮೇಲೆ. ಮನೆಗಿರೋ ಒಂದೇ ಫೋನು ಹಗಲೆಲ್ಲ ಅಪ್ಪನ ಜೇಬಲ್ಲಿ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತೆ. ಮೊದಲು ಪಾಲಕರ ಒಪ್ಪಿಗೆ, ಆಮೇಲೆ ಮಗುವಿನದು, ಎರಡೂ ಬೇರೆ ಬೇರೆಯಾಗಿ ದಾಖಲಾಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಒಪ್ಪಿಗೆಯ ಮಾತಲ್ಲಿ ಎರಡು ವಾಕ್ಯ ಬಿಡಲೇಬಾರದು. ಇದು ಪರೀಕ್ಷೆ ಅಲ್ಲ, ಶಾಲೆಗೆ ಅಂಕ ಹೋಗಲ್ಲ. ಬೇಡ ಅಂದ್ರೆ ನಿಮಗೆ ಬರೋ ಯಾವ ಸೌಲಭ್ಯವೂ ನಿಲ್ಲಲ್ಲ. ಎರಡನೇದನ್ನ ಹೇಳದಿದ್ರೆ ರೇಷನ್ ಕಾರ್ಡಿಗೆ ತೊಂದರೆಯಾದೀತು ಅಂತ ಹೆದರಿ ಒಪ್ಪಿಕೊಳ್ಳೋರು ಇರ್ತಾರೆ. ಹೆದರಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಈಗ ಓದಿಸೋದು. ಅಸರ್ (ಹಳ್ಳಿ ಮಕ್ಕಳ ಓದು, ಲೆಕ್ಕವನ್ನ ಮನೆಮನೆಗೆ ಹೋಗಿ ನೋಡೋ ಸಮೀಕ್ಷೆ) ಮಾದರಿಯ ಹಾಳೆಯಲ್ಲಿ ಅಕ್ಷರ, ಪದ, 1ನೇ ತರಗತಿ ಮಟ್ಟದ ವಾಕ್ಯವೃಂದ, 2ನೇ ತರಗತಿ ಮಟ್ಟದ ಕತೆ ಇರುತ್ತೆ. ವಾಕ್ಯವೃಂದದಿಂದ ಶುರು ಮಾಡಿ, ಬಂದರೆ ಕತೆಗೆ ಹತ್ತಿಸಿ, ಬರದಿದ್ರೆ ಪದಕ್ಕೆ ಇಳಿಸಿ. 5 ಪದದಲ್ಲಿ ಕನಿಷ್ಠ 4 ಸರಿಯಾದ್ರೆ ಪದದ ಮಟ್ಟ. ಹಾಳೆಯನ್ನ ವಾಟ್ಸಾಪಲ್ಲಿ ಕಳಿಸಿ ಅದೇ ಫೋನಲ್ಲಿ ಓದಿಸೋಕೆ ಹೋದ್ರೆ ಒಂದು ಎಡವಟ್ಟು: ಮಗು ಫೋನನ್ನ ಕಿವಿಗೆ ಹಿಡಿದ ಕೂಡಲೇ ಪರದೆ ಆರಿಹೋಗುತ್ತೆ. ಮಗು ಸುಮ್ಮನಾಗುತ್ತೆ, ಈ ಕಡೆ ಕೂತೋರು ಓದೋಕೆ ಬರಲ್ಲ ಅಂತ ಬರೆದುಕೊಳ್ತಾರೆ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಎರಡು ಬೇರೆ ಬೇರೆ ಕಾರ್ಡನ್ನ ಮುಚ್ಚಿದ ಲಕೋಟೆಯಲ್ಲಿ ಸಿಆರ್‌ಪಿ (ಶಾಲೆಗಳ ಗುಂಪೊಂದನ್ನ ನೋಡಿಕೊಳ್ಳೋ ಸಂಪನ್ಮೂಲ ವ್ಯಕ್ತಿ) ಮೂಲಕ ಮೊದಲೇ ತಲುಪಿಸಿ, ಕರೆ ಬಂದಾಗ ಒಡೆಯೋಕೆ ಹೇಳಿ, ಸ್ಪೀಕರ್ ಹಾಕಿಸಿ.

ಕೇಳೋದರಲ್ಲೂ ಕಷ್ಟ ಇದೆ. ಸಾದಾ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್ ತನಕದ ದನಿಯನ್ನ ಮಾತ್ರ ದಾಟಿಸುತ್ತೆ. ಸಕಾರದ ಸುಯ್ಯೆನ್ನೋ ಉಸಿರು ಹೆಚ್ಚಾಗಿ ಅದರ ಮೇಲಿರುತ್ತೆ. ಹಾಗಾಗಿ ಸ, ಶ ಎರಡೂ ಒಂದೇ ಥರ ಕೇಳ್ತವೆ, ಮಹಾಪ್ರಾಣ ಅಲ್ಪಪ್ರಾಣದ ವ್ಯತ್ಯಾಸವೂ ಮಸುಕಾಗುತ್ತೆ. ಎರಡೂ ಕಡೆ ವೋಲ್ಟಿಯ (4ಜಿ ಜಾಲದ ಮೇಲಿನ ಕರೆಯ) ಎಚ್‌ಡಿ ದನಿ ಇದ್ರೆ 7,000 ಹರ್ಟ್ಸ್ ತನಕ ಬರುತ್ತೆ, ಒಂದು ಕಡೆ ಹಳೇ ಫೋನಿದ್ರೆ ಇಲ್ಲ. ಈ ತಪ್ಪುಗಳಿಗೆ ಫೋನಲ್ಲಿ ಅಂಕ ಕಳೆಯಬಾರದು, ಮಗುವಿನ ತಪ್ಪೋ ತಂತಿಯ ತಪ್ಪೋ ಹೇಳೋಕಾಗಲ್ಲ. ಮಂಡ್ಯದ ಕಡೆ ಮಗು ಹಾಲು ಅನ್ನೋದನ್ನ ಆಲು ಅಂತ ಓದಿದ್ರೂ ಅದು ಓದಿನ ತಪ್ಪಲ್ಲ, ಮನೆಯ ನುಡಿ. ಅಕ್ಕ ಅನ್ನೋದನ್ನ ಅಕ ಅಂತ ಓದಿದ್ರೆ ಮಾತ್ರ ಗಮನ ಕೊಡಿ. ಒತ್ತಕ್ಷರ ಕಲಿಕೆಯ ನಿಜವಾದ ಹೊಸ್ತಿಲು, ಅದು ಫೋನಲ್ಲೂ ಚೆನ್ನಾಗಿ ಕೇಳುತ್ತೆ.

ಪಕ್ಕದಲ್ಲಿ ಯಾರಾದ್ರೂ ಹೇಳಿಕೊಡ್ತಿದ್ರೂ ಗೊತ್ತಾಗುತ್ತೆ. ತಾನೇ ಓದೋ ಮಗು ಮಾ, ರು, ಕ ಅಂತ ಕೂಡಿಸಿಕೊಂಡು ಹೋಗಿ ಟ್ಟೆ ಹತ್ರ ತಡೆಯುತ್ತೆ. ಹೇಳಿಸಿಕೊಂಡ ಮಗು ಎರಡು ಸೆಕೆಂಡ್ ಮೌನವಾಗಿದ್ದು ಇಡೀ ಮಾರುಕಟ್ಟೆಯನ್ನ ಒಂದೇ ಉಸಿರಲ್ಲಿ ಒಪ್ಪಿಸುತ್ತೆ. ಅಮ್ಮನನ್ನ ಗದರಬೇಡಿ. ಹಾಳೆಯಲ್ಲಿ ಗುರುತು ಹಾಕಿ, ಎರಡನೇ ಕಾರ್ಡು ತೆಗೆಸಿ.

ರೆಕಾರ್ಡಿಂಗ್ 16 ಕಿಲೋಹರ್ಟ್ಸ್, 16 ಬಿಟ್, ಮೊನೊ ವೇವ್ ಫೈಲ್ ಆಗಿದ್ರೆ ಗಂಟೆಗೆ 115 ಎಂಬಿ, ಮಾತಿಗೆ ಅಷ್ಟು ಸಾಕು. ಫೈಲಿನ ಹೆಸರಲ್ಲಿ ಮಗುವಿನ ಹೆಸರು ಬರಬಾರದು. ಒಂದು ಗಂಟೆ ಸಂದರ್ಶನ ಕೇಳಿ ಬರೆಯೋಕೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತೆ. ಯಂತ್ರದಿಂದ ಬರೆಸಿದ್ರೆ ಬೇಗ ಆಗುತ್ತೆ, ಆದರೆ ಆಡುನುಡಿಯನ್ನ ಅದು ಪುಸ್ತಕದ ಭಾಷೆಗೆ ತಿದ್ದಿಬಿಡುತ್ತೆ, ಮೌನದ ಜಾಗದಲ್ಲಿ ಯಾರೂ ಆಡದ ಮಾತು ಸೇರಿಸೋದೂ ಉಂಟು. ಧಾರವಾಡದ ಕಡೆ ತಾಯಿ "ಓದಂಗಿಲ್ರಿ" ಅಂದ್ರೆ ಮಗುವಿಗೆ ಮನಸ್ಸಿಲ್ಲ, "ಓದಾಕ ಬರಂಗಿಲ್ರಿ" ಅಂದ್ರೆ ಬರೋದೇ ಇಲ್ಲ. ಎರಡೂ "ಓದುವುದಿಲ್ಲ" ಅಂತ ಬರೆದಿಟ್ಟರೆ ಸಂಶೋಧನೆಯ ಪ್ರಶ್ನೆಯೇ ಅಳಿಸಿಹೋಯ್ತು. ಯಂತ್ರ ಬರೆದ ಪ್ರತಿ ಸಾಲನ್ನೂ ಆಡಿಯೋ ಹಾಕಿಕೊಂಡು ಓದಿ.

ಕೊನೆಗೆ, ಫೋನ್ ಎತ್ತದವರು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಲ್ಲಿ ಕನಿಷ್ಠ 6 ಸಲ ಪ್ರಯತ್ನಿಸಿ. ಪ್ರತಿ ಸಲವೂ ಸ್ವಿಚ್ ಆಫ್, ರಿಂಗಾಯ್ತು, ತಪ್ಪು ನಂಬರ್, ನಿರಾಕರಣೆ ಅಂತ ಬೇರೆ ಬೇರೆ ಬರೆಯಿರಿ. ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಹೋದ ಮನೆಗಳ ನಂಬರ್ ಬದಲಾಗಿರುತ್ತೆ, ಮಗು ಶಾಲೆ ಬಿಟ್ಟಿರೋ ಸಂಭವವೂ ಅಲ್ಲೇ ಹೆಚ್ಚು. ಅವರನ್ನ ಬಿಟ್ಟು ಸರಾಸರಿ ತೆಗೆದ್ರೆ ಓದು ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಸಿಗದ ಮನೆಗಳಲ್ಲಿ ಹತ್ತಕ್ಕೊಂದನ್ನ ಚೀಟಿ ಎತ್ತಿ ಆಯ್ದು, ಅಲ್ಲಿಗೆ ಜನರನ್ನೇ ಕಳಿಸಿ, ಸಿಕ್ಕ ಪ್ರತಿ ಮಗುವನ್ನೂ ಲೆಕ್ಕದಲ್ಲಿ 10 ಮಕ್ಕಳ ತೂಕಕ್ಕೆ ಹಿಡಿಯಿರಿ. ಆ ಪ್ರಯಾಣದ ಖರ್ಚನ್ನ ಮೊದಲ ದಿನದ ಬಜೆಟ್ಟಲ್ಲೇ ಬರೆದಿಡಿ.